ವೃಕ್ಷಾಸನದಲ್ಲಿ ಕಾಲು ನಿಲ್ಲದಿದ್ದರೆ: ಬುಡದಿಂದ ಮೇಲಕ್ಕೆ ಒಂದು ತಪಾಸಣೆ

ತೋಟದ ಪಂಪ್‌ಸೆಟ್ ನೀರೆತ್ತದಿದ್ದರೆ ತಿಳಿದವರು ಮೊದಲು ಮೋಟಾರಿಗೆ ಕೈ ಹಾಕುವುದಿಲ್ಲ. ಬಾವಿಯೊಳಗಿನ ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೇ, ಪೈಪು ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ಎಂದು ಕೆಳಗಿನಿಂದ ನೋಡಿಕೊಂಡು ಬರುತ್ತಾರೆ. ಒಂದು ಕಾಲು ಮಡಚಿ ಇನ್ನೊಂದರ ಮೇಲೆ ಮರದಂತೆ ನಿಲ್ಲುವ ವೃಕ್ಷಾಸನ ಕೆಟ್ಟಾಗ ಮಾತ್ರ ರಿಪೇರಿ ಮೇಲಿನಿಂದ ಶುರುವಾಗುತ್ತದೆ. ಕೈ ಸರಿಯಾಗಿ ಜೋಡಿಸಿ, ಮಂಡಿ ಹಿಂದಕ್ಕೆ ಎಳೆಯಿರಿ, ಮನಸ್ಸು ಒಂದು ಕಡೆ ಇಡಿ ಎಂಬ ಸಲಹೆಗಳೇ ಮೊದಲು ಬರುವುದು. ಮನಸ್ಸಿನ ಮೇಲೆ ತಪ್ಪು ಹೊರಿಸುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ. ನಿಜವಾದ ದೋಷ ಬಹುಪಾಲು ಇರುವುದು ಎತ್ತಿದ ಕಾಲಿನಲ್ಲೂ ಅಲ್ಲ, ಜೋಡಿಸಿದ ಕೈಯಲ್ಲೂ ಅಲ್ಲ. ನಿಂತ ಕಾಲಿನಲ್ಲಿ, ಅದರಲ್ಲೂ ಮಂಡಿಯಿಂದ ಕೆಳಗೆ.

ಮುಂದಿನ ಸಾಲುಗಳಲ್ಲಿ ‘ನಿಂತ ಕಾಲು’ ಎಂದರೆ ಭಾರ ಹೊತ್ತದ್ದು, ‘ಎತ್ತಿದ ಕಾಲು’ ಎಂದರೆ ಮಡಚಿದ್ದು. ಬೇಕಾಗುವ ಸಾಮಾನು ಇಷ್ಟು: ಸೆಕೆಂಡು ಎಣಿಸಲು ಗಡಿಯಾರ ಅಥವಾ ಫೋನು, ಒಂದು ಖಾಲಿ ಗೋಡೆ, ಒಂದು ಗೋಲಿ, ಎರಡು ಬೆರಳಗಲದ ಹಳೇ ಪೇಪರ್ ಪಟ್ಟಿ, ಬರೆದಿಡಲು ಒಂದು ಚೀಟಿ.

ಯಾವುದು ದೋಷ, ಯಾವುದು ಅಲ್ಲ

ಅಲುಗಾಟ ದೋಷವಲ್ಲ. ಒಂಟಿ ಕಾಲಲ್ಲಿ ನಿಂತವರ ಹರಡಿನ, ಅಂದರೆ ಪಾದದ ಗಂಟಿನ, ಮುಂಭಾಗವನ್ನು ಹತ್ತಿರದಿಂದ ನೋಡಿ. ಚರ್ಮದ ಕೆಳಗೆ ನರದ ಹಾಗೆ ಕಾಣುವ ಸ್ನಾಯುರಜ್ಜುಗಳು ಒಂದಾದ ಮೇಲೊಂದು ಎದ್ದು ಇಳಿಯುತ್ತಿರುತ್ತವೆ. ದೇಹ ಕೂದಲೆಳೆಯಷ್ಟು ವಾಲಿದಾಗಲೆಲ್ಲ ಅವು ಎಳೆದು ಸರಿಮಾಡುತ್ತಿರುತ್ತವೆ. ಅದು ವ್ಯವಸ್ಥೆ ಕೆಲಸ ಮಾಡುತ್ತಿರುವ ಲಕ್ಷಣ. ಅದನ್ನು ತಡೆಯಲು ಕಾಲನ್ನು ಕಬ್ಬಿಣದ ಹಾಗೆ ಬಿಗಿ ಮಾಡಿದವರು ಬೇಗ ಬೀಳುತ್ತಾರೆ. ಗಾಳಿಗೆ ಅಡಿಕೆ ಮರ ತೂಗುವುದನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೋಷವೆಂದು ಲೆಕ್ಕ ಹಿಡಿಯಬೇಕಾದ್ದು ಬೇರೆ. ಕೈ ಎದೆಯ ಮುಂದಿದ್ದರೂ 10 ಸೆಕೆಂಡಿನೊಳಗೆ ಎತ್ತಿದ ಕಾಲು ನೆಲ ಮುಟ್ಟುವುದು ಒಂದು. ನಿಂತ ಪಾದ ಕುಪ್ಪಳಿಸುವುದು ಅಥವಾ ಜಾಗ ಬದಲಿಸುವುದು ಇನ್ನೊಂದು. ಪ್ರತಿ ಸಲವೂ ಒಂದೇ ದಿಕ್ಕಿಗೆ ಬೀಳುವುದು, ಒಂದು ಕಾಲಿನ ಸಮಯ ಇನ್ನೊಂದರ ಅರ್ಧಕ್ಕಿಂತ ಕಡಿಮೆ ಇರುವುದು, ಮಂಡಿಯಲ್ಲೋ ತೊಡೆಸಂದಿನಲ್ಲೋ ಚುಚ್ಚುವ ನೋವು ಬರುವುದು, ಇವೂ ಅದೇ ಪಟ್ಟಿಗೆ ಸೇರುತ್ತವೆ. ಇವುಗಳಲ್ಲಿ ‘ಒಂದೇ ದಿಕ್ಕಿಗೆ’ ಎಂಬುದು ತಪಾಸಣೆ ಮಾಡುವವರಿಗೆ ಸಿಗುವ ಅತ್ಯುತ್ತಮ ಸುಳಿವು. ದಿನಕ್ಕೊಂದು ಕಡೆ ಬೀಳುವವರಿಗೆ ಬೇಕಾದ್ದು ಸಾಮಾನ್ಯವಾಗಿ ಅಭ್ಯಾಸ ಅಷ್ಟೇ.

ಮೊದಲು ನೆಲ

ಕಾಫಿ ಒಣಗಿಸುವ ಕಣ ಆಸನಕ್ಕೆ ಹೇಳಿ ಮಾಡಿಸಿದ ಜಾಗದ ಹಾಗೆ ಕಾಣುತ್ತದೆ. ಅಗಲವಿದೆ, ಗಟ್ಟಿ ಇದೆ, ಬೆಳಗಿನ ಬಿಸಿಲು ಬೀಳುತ್ತದೆ. ಆದರೆ ಮಳೆನೀರು ನಿಲ್ಲಬಾರದೆಂದು ಕಣಕ್ಕೆ ಒಂದು ಕಡೆಗೆ ವಾಟ ಕೊಟ್ಟಿರುತ್ತಾರೆ. ಹಳೇ ಮನೆಯ ಜಗಲಿ, ತಾರಸಿ, ಬಚ್ಚಲ ಪಕ್ಕದ ಅಂಗಳ ಎಲ್ಲಕ್ಕೂ ವಾಟ ಇದ್ದೇ ಇರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಹರಡಿಗೆ ಗೊತ್ತಾಗುತ್ತದೆ. ಗೋಲಿಯೊಂದನ್ನು ನೆಲದ ಮೇಲಿಟ್ಟು ಬಿಡಿ. ಉರುಳಿ ಹೋದರೆ ಆ ಜಾಗ ತಪಾಸಣೆಗೆ ಬೇಡ.

ಗೋಲಿ ಇಲ್ಲದಿದ್ದರೆ ದೇಹದಿಂದಲೇ ಪರೀಕ್ಷಿಸಬಹುದು. ಪೂರ್ವಕ್ಕೆ ಮುಖ ಮಾಡಿ ಬಲಗಾಲಲ್ಲಿ ನಿಲ್ಲಿ, ಯಾವ ಕಡೆಗೆ ಬೀಳುತ್ತೀರಿ ನೋಡಿ. ಅದೇ ಜಾಗದಲ್ಲಿ ಪಶ್ಚಿಮಕ್ಕೆ ತಿರುಗಿ ಅದೇ ಬಲಗಾಲಲ್ಲಿ ಮತ್ತೆ ನಿಲ್ಲಿ. ಮೊದಲು ಬಲಕ್ಕೆ ಬಿದ್ದವರು ಈಗಲೂ ಬಲಕ್ಕೇ ಬಿದ್ದರೆ ದೋಷ ದೇಹದ್ದು. ಈಗ ಎಡಕ್ಕೆ ಬಿದ್ದರೆ, ಅಂದರೆ ಎರಡು ಸಲವೂ ದಕ್ಷಿಣದ ಗೋಡೆಯ ಕಡೆಗೇ ಹೋದರೆ, ದೋಷ ನೆಲದ್ದು. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ವಾರಗಟ್ಟಲೆ ಸೊಂಟದ ವ್ಯಾಯಾಮ ಮಾಡುವವರಿದ್ದಾರೆ.

ಮ್ಯಾಟು ಕೂಡ ನೆಲದ ಲೆಕ್ಕಕ್ಕೇ ಬರುತ್ತದೆ. 10 ಮಿಲಿಮೀಟರಿನ ಮೆತ್ತನೆಯ ಮ್ಯಾಟು ಮಂಡಿ ಊರುವ ಆಸನಕ್ಕೆ ಹಿತ. ಒಂಟಿ ಕಾಲಿಗೆ ಅದು ಕೆಸರುಗದ್ದೆ, ಪಾದದ ಕೆಳಗೆ ಒತ್ತಿಕೊಳ್ಳುತ್ತ ಹೋಗುತ್ತದೆ, ಅಂಗಾಲಿಗೆ ನೆಲದ ಸುದ್ದಿ ಮುಟ್ಟುವುದಿಲ್ಲ. 4 ಮಿಲಿಮೀಟರಿನದು ಪರವಾಗಿಲ್ಲ, ಬರಿ ನೆಲ ಇನ್ನೂ ಒಳ್ಳೆಯದು. ರೆಡ್ ಆಕ್ಸೈಡ್ ನೆಲದ ಮೇಲೆ ಜಮಖಾನವನ್ನೋ ಚಾಪೆಯನ್ನೋ ಹಾಸಿ ಮಾತ್ರ ನಿಲ್ಲಬೇಡಿ. ನೀವು ಸ್ಥಿರವಾಗಿದ್ದರೂ ಚಾಪೆ ಹೊರಟುಬಿಡುತ್ತದೆ.

ಅಂತರರಾಷ್ಟ್ರೀಯ ಯೋಗ ದಿನ 2015ರಿಂದ ಜೂನ್ 21ಕ್ಕೆ ಬರುತ್ತಿದೆ. ಅಂದಿನ ಸಾಮಾನ್ಯ ಯೋಗ ಕ್ರಮದಲ್ಲಿ ತಾಡಾಸನ ಮುಗಿದ ಕೂಡಲೇ ಬರುವುದು ವೃಕ್ಷಾಸನ. ಜೂನ್ ಕೊನೆಯೆಂದರೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮಳೆ ಹಿಡಿದಿರುವ ಹೊತ್ತು. ನೆಲ ಬೆವರುತ್ತದೆ, ಹುಲ್ಲಿನ ಮೇಲೆ ಹಾಸಿದ ಟಾರ್ಪಾಲಿನ ಅಡಿಯಲ್ಲಿ ತಗ್ಗು ದಿಣ್ಣೆ ಇರುತ್ತವೆ. ವರ್ಷಕ್ಕೊಮ್ಮೆ ಅಲ್ಲಿ ನಿಂತು ಬಿದ್ದವರು ತಮಗೆ ಸಮತೋಲನವೇ ಇಲ್ಲ ಎಂದುಕೊಂಡು ಮನೆಗೆ ಹೋಗುತ್ತಾರೆ. ಒಳಗೆ, ಒಣಬಟ್ಟೆಯಲ್ಲಿ ಒರೆಸಿದ ನೆಲದ ಮೇಲೆ ಇನ್ನೊಮ್ಮೆ ನೋಡಬೇಕು.

ಡಿಸೆಂಬರ್ ಜನವರಿಯ ಚಳಿಯದು ಬೇರೆ ತಾಪತ್ರಯ. ಅಂಗಾಲು ತಣ್ಣಗೆ ಮರಗಟ್ಟಿದ್ದರೆ ಒತ್ತಡ ಎಲ್ಲಿ ಬೀಳುತ್ತಿದೆ ಎಂಬುದು ಚರ್ಮಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಮೊದಲ ಕಾಲಿನ ಫಲಿತಾಂಶ ಕೆಟ್ಟು, ಎರಡನೆಯದು ಚೆನ್ನಾಗಿ ಬಂದರೆ ಚಳಿಯನ್ನು ಅನುಮಾನಿಸಿ. ಎರಡು ನಿಮಿಷ ಮನೆಯೊಳಗೆ ನಡೆದಾಡಿ, ಅಂಗೈಯಿಂದ ಅಂಗಾಲನ್ನು ಬಿಸಿಯಾಗುವವರೆಗೆ ಉಜ್ಜಿ, ಹರಡನ್ನು ಎರಡೂ ದಿಕ್ಕಿಗೆ ಹತ್ತತ್ತು ಸುತ್ತು ತಿರುಗಿಸಿ, ಆಮೇಲೆ ನಿಲ್ಲಿ.

ಹೊಟ್ಟೆಯ ವಿಷಯವೂ ಇಲ್ಲೇ ಮುಗಿಯಲಿ. ಕಾಫಿ ಕುಡಿಯದೆ ಬೆಳಗಾಗದ ಊರುಗಳಿವು. ಅರ್ಧ ಲೋಟ ಕಾಫಿಗೆ ಆಸನ ಕೆಡುವುದಿಲ್ಲ. ಹೊಟ್ಟೆ ತುಂಬ ಕಡುಬು ತಿಂದಿದ್ದರೆ ಮೂರು ಗಂಟೆ ಬಿಡಿ.

ಅಳತೆ ತೆಗೆಯುವುದು

ಗೋಡೆಯಿಂದ ಒಂದು ಮೊಳ ದೂರ, ನಿಂತ ಕಾಲಿನ ಪಕ್ಕಕ್ಕೆ ಗೋಡೆ ಬರುವಂತೆ ನಿಂತುಕೊಳ್ಳಿ. ಕಾಲೆತ್ತುವ ಮೊದಲು ಸಮಸ್ಥಿತಿ: ಎರಡೂ ಪಾದದ ಮೇಲೆ ಸರಿಸಮ ಭಾರ, ತೋಳು ಪಕ್ಕದಲ್ಲಿ. ಶ್ರವಣಬೆಳಗೊಳದ ಗೊಮ್ಮಟನ ಕಾಯೋತ್ಸರ್ಗದ ನಿಲುವನ್ನು ನೆನಪಿಸಿಕೊಂಡರೆ ಸಾಕು. ಅಲ್ಲಿ ಯಾವ ಕಾಲಿಗೂ ಹೆಚ್ಚು ಭಾರವಿಲ್ಲ.

ಎತ್ತಿದ ಪಾದಕ್ಕೆ ಮೂರು ಮೆಟ್ಟಿಲಿವೆ. ಮೊದಲನೆಯದರಲ್ಲಿ ಬೆರಳುಗಳು ನೆಲದಲ್ಲೇ ಇದ್ದು ಹಿಮ್ಮಡಿ ಮಾತ್ರ ನಿಂತ ಕಾಲಿನ ಹರಡಿಗೆ ಆತುಕೊಂಡಿರುತ್ತದೆ. ಎರಡನೆಯದರಲ್ಲಿ ಅಂಗಾಲು ಮಂಡಿಯ ಕೆಳಗೆ, ಮೀನಖಂಡದ ಒಳಪಕ್ಕಕ್ಕೆ. ಮೂರನೆಯದರಲ್ಲಿ ಒಳತೊಡೆಗೆ, ಹಿಮ್ಮಡಿ ತೊಡೆಸಂದಿನ ಹತ್ತಿರ, ಬೆರಳು ನೆಲದ ಕಡೆಗೆ. ಮಂಡಿಗೇ ತಾಗಿಸಿ ಎಂದೂ ಇಡಬಾರದು. ಮಂಡಿ ಬಾಗಿಲಿನ ತಿರುಗಣಿಯ ಹಾಗೆ, ಮುಂದೆ ಹಿಂದೆ ಆಡುವುದಕ್ಕೆ ಇರುವುದು. ಪಕ್ಕದಿಂದ ಒತ್ತಿದರೆ ಪೆಟ್ಟು ಬೀಳುವುದು ಕೀಲಿನ ಪಕ್ಕದ ಕಟ್ಟುಗಳಿಗೆ.

ಕೈಯನ್ನು ಎದೆಯ ಮುಂದೆ ಜೋಡಿಸಿ, ನಿಮಗೆ ಆಗುವ ಮೆಟ್ಟಿಲಿನಲ್ಲಿ ಪ್ರತಿ ಕಾಲಿಗೆ ಮೂರು ಸಲ ನಿಲ್ಲಿ. ಪ್ರತಿ ಸಲದ ಸೆಕೆಂಡು, ಬಿದ್ದ ದಿಕ್ಕು ಎರಡನ್ನೂ ಬರೆದಿಡಿ. ಮೂವತ್ತು ಸೆಕೆಂಡು ದಾಟಿದರೆ ಕಾಲು ಇಳಿಸಿ, ಅಷ್ಟು ಸಾಕು. ಮರುದಿನ ಇನ್ನೊಂದು ಕಾಲಿನಿಂದ ಶುರುಮಾಡಿ, ಇಲ್ಲದಿದ್ದರೆ ದಣಿವಿನ ಲೆಕ್ಕ ಒಂದೇ ಕಾಲಿನ ತಲೆಗೆ ಬೀಳುತ್ತದೆ. ಎರಡು ದಿನದ ಹನ್ನೆರಡು ಅಂಕಿ ಕೈಯಲ್ಲಿದ್ದರೆ ಮುಂದಿನದಕ್ಕೆ ಆಧಾರ ಸಿಕ್ಕಿತು. ಇಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ. ಪಾದ, ಸೊಂಟ, ದೃಷ್ಟಿ ಮೂರನ್ನೂ ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ವಯಸ್ಸಾದವರು ಕೋಣೆಯ ಮೂಲೆಗೆ ಬೆನ್ನು ಕೊಟ್ಟು, ಎದುರಿಗೆ ಭಾರದ ಮರದ ಕುರ್ಚಿ ಇಟ್ಟುಕೊಂಡು ಮಾಡಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಹಿಡಿದವರ ಜೊತೆ ಅದೂ ಮಗುಚುತ್ತದೆ.

ಇವು ಕಂಡರೆ ಇಲ್ಲಿಗೇ ನಿಲ್ಲಿಸಿ

ತಲೆ ತಿರುಗಿಸಿದಾಗ ಅಥವಾ ಹಾಸಿಗೆಯಲ್ಲಿ ಹೊರಳಿದಾಗ ಕೋಣೆಯೇ ಗಿರ್ರನೆ ತಿರುಗಿದಂತಾಗುವುದು ಒಳಗಿವಿಯ ತೊಂದರೆ ಇರಬಹುದು. ಸಕ್ಕರೆ ಕಾಯಿಲೆ ಇದ್ದು ಅಂಗಾಲು ಜೋಮು ಹಿಡಿದಂತೆ, ಹತ್ತಿಯ ಮೇಲೆ ನಡೆದಂತೆ ಇದ್ದರೆ ನರಗಳಿಗೆ ಪೆಟ್ಟಾಗಿರಬಹುದು. ಬಿ12 ಕೊರತೆಯಲ್ಲೂ ಹೀಗಾಗುತ್ತದೆ. ಕೂತು ಎದ್ದ ಕೂಡಲೇ ಕಣ್ಣು ಕತ್ತಲೆ ಬರುವವರು, ಅದರಲ್ಲೂ ಬಿಪಿ ಮಾತ್ರೆ ನುಂಗುವವರು, ಮೊದಲು ಬಿಪಿ ನೋಡಿಸಬೇಕು. ಇವಕ್ಕೆಲ್ಲ ಆಸನ ತಿದ್ದಿ ಫಲವಿಲ್ಲ, ವೈದ್ಯರ ಹತ್ತಿರ ಹೋಗಬೇಕು. ಇದ್ದಕ್ಕಿದ್ದಂತೆ ಒಂದು ಬದಿಯ ಕೈಕಾಲು ಸೋತರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆ ಸೇರಬೇಕು. ಗರ್ಭಿಣಿಯರು ಗೋಡೆ ಬಿಟ್ಟು ಮಾಡಬಾರದು.

ಯಾವ ಕಡೆಗೆ ಬೀಳುತ್ತೀರಿ

ಎತ್ತಿದ ಕಾಲಿನ ಕಡೆಗೆ ಬೀಳುವುದು ಕಲಿಯುವವರ ಮಾಮೂಲಿ ದೋಷ. ಕಾರಣ ಅವಸರ. ಎರಡು ಕಾಲಿನ ನಡುವೆ ಇರುವ ಭಾರ ನಿಂತ ಪಾದದ ಮೇಲಕ್ಕೆ ಬರುವ ಮೊದಲೇ ಇನ್ನೊಂದು ಕಾಲನ್ನು ಎತ್ತಿಬಿಡುತ್ತಾರೆ. ಮನೆ ಕಟ್ಟುವಾಗ ತೊಲೆಯ ಅಡಿಗೆ ಕಂಬ ಕೊಡದೆ ಹಳೆ ಕಂಬ ತೆಗೆದಂತೆ. ಮೊದಲು ಇಡೀ ದೇಹವನ್ನು ನಿಧಾನವಾಗಿ ನಿಂತ ಕಾಲಿನ ಕಡೆಗೆ ಜರುಗಿಸಿ, ಮೂಗು ಮತ್ತು ಹೊಕ್ಕುಳು ಆ ಪಾದದ ನೇರಕ್ಕೆ ಬರಲಿ. ಎತ್ತಬೇಕಾದ ಕಾಲು ಹಗುರಾಗಿ ಹಿಮ್ಮಡಿ ತಾನಾಗಿ ಮೇಲೇಳುವಂತಾಗುತ್ತದೆ. ಆಗ ಎತ್ತಿ. ಈ ಜರುಗುವಿಕೆಗೆ ಮೂರು ಸೆಕೆಂಡು ಕೊಟ್ಟರೆ ಅರ್ಧ ಜನರ ದೂರು ಅಲ್ಲಿಗೇ ನಿಲ್ಲುತ್ತದೆ.

ನಿಂತ ಕಾಲಿನ ಹೊರಪಕ್ಕಕ್ಕೆ ಬೀಳುವುದು ಹೆಚ್ಚು ಅಪಾಯದ್ದು, ಹರಡು ಉಳುಕುವುದು ಹೀಗೆಯೇ. ಪಾದವನ್ನೂ ಸೊಂಟವನ್ನೂ ನೋಡಬೇಕು, ಎರಡೂ ಮುಂದೆ ಬರುತ್ತವೆ.

ಹಿಂದಕ್ಕೆ ಬೀಳುವವರಲ್ಲಿ ನಿಂತ ಕಾಲಿನ ಮಂಡಿ ಹಿಂದಕ್ಕೆ ಬಿಲ್ಲಿನಂತೆ ಬಾಗಿ ಲಾಕ್ ಆಗಿರುತ್ತದೆ, ಭಾರ ಹಿಮ್ಮಡಿಯ ಮೇಲಿರುತ್ತದೆ. ಹಿಮ್ಮಡಿಗೆ ಬೆರಳಿಲ್ಲ, ಹಿಡಿದುಕೊಳ್ಳುವ ಶಕ್ತಿಯೂ ಇಲ್ಲ. ಮಂಡಿಯನ್ನು ಕಂಡೂ ಕಾಣದಷ್ಟು ಸಡಿಲಿಸಿ, ತೊಡೆಯ ಮುಂಭಾಗ ಬಿಗಿಯಾಗಲಿ, ಭಾರ ಹೆಬ್ಬೆರಳಗಲ ಮುಂದಕ್ಕೆ ಬರಲಿ. ಮುಂದಕ್ಕೆ ಬೀಳುವವರು ಬಹುತೇಕ ತಮ್ಮ ಪಾದವನ್ನೇ ನೋಡುತ್ತಿರುತ್ತಾರೆ. ತಲೆ ಬಗ್ಗಿದ ಕಡೆ ಮೈ ಹೋಗುತ್ತದೆ.

ಬೀಳದೆ, ನಿಂತಲ್ಲೇ ಗಾಣದಂತೆ ತಿರುಗುವವರೂ ಉಂಟು. ಅದು ಎತ್ತಿದ ಮಂಡಿಯನ್ನು ಬಲವಂತವಾಗಿ ಹಿಂದಕ್ಕೆ ಎಳೆದದ್ದರ ಫಲ.

ಪಾದ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಪಾದ ನೆಲವನ್ನು ಮೂರು ಕಡೆ ಗಟ್ಟಿಯಾಗಿ ಮುಟ್ಟುತ್ತದೆ: ಹಿಮ್ಮಡಿ, ಹೆಬ್ಬೆರಳಿನ ಬುಡದ ದಿಂಡು, ಕಿರುಬೆರಳಿನ ಬುಡ. ಒಲೆಗೆ ಮೂರು ಗುಂಡು ಇದ್ದ ಹಾಗೆ. ಮೂರರಲ್ಲಿ ಒಂದು ಎದ್ದರೆ ಪಾತ್ರೆ ವಾಲುತ್ತದೆ, ಸಾಮಾನ್ಯವಾಗಿ ಏಳುವುದು ಹೆಬ್ಬೆರಳಿನ ಬುಡ.

ಪೇಪರ್ ಪಟ್ಟಿಯ ಪರೀಕ್ಷೆ ಹೀಗೆ. ಪಟ್ಟಿಯನ್ನು ಹೆಬ್ಬೆರಳಿನ ಬುಡದ ಅಡಿಗೆ, ಬೆರಳಿನ ಅಡಿಗಲ್ಲ, ಅದರ ಹಿಂದಿನ ಉಬ್ಬಿನ ಅಡಿಗೆ ಇಟ್ಟು ಒಂಟಿ ಕಾಲಲ್ಲಿ ನಿಲ್ಲಿ. ಮನೆಯವರೊಬ್ಬರು ಪಟ್ಟಿಯ ತುದಿ ಹಿಡಿದು ಮೆಲ್ಲಗೆ ಎಳೆಯಲಿ. ಭಾರ ಸರಿಯಾಗಿದ್ದರೆ ಕಾಗದ ಹರಿಯುತ್ತದೆಯೇ ಹೊರತು ಬರುವುದಿಲ್ಲ. ಸರಾಗವಾಗಿ ಜಾರಿ ಬಂದರೆ ನೀವು ಪಾದದ ಹೊರ ಅಂಚಿನ ಮೇಲೆ ನಿಂತಿದ್ದೀರಿ. ಕೆಲವರಲ್ಲಿ ಪಟ್ಟಿ ಮೊದಲ ಐದು ಸೆಕೆಂಡು ಗಟ್ಟಿಯಾಗಿದ್ದು ಆಮೇಲೆ ಸಡಿಲವಾಗುತ್ತದೆ. ಅವರಿಗೆ ಗೊತ್ತಿದೆ, ಆದರೆ ಸ್ನಾಯು ಸೋಲುತ್ತದೆ. ಇಬ್ಬರ ಔಷಧ ಬೇರೆ: ಮೊದಲನೆಯವರಿಗೆ ಗಮನ, ಎರಡನೆಯವರಿಗೆ ಬಲ.

ಇನ್ನೊಂದು ಪರೀಕ್ಷೆಗೆ ರೆಡ್ ಆಕ್ಸೈಡ್ ನೆಲವೇ ಬೇಕು. ಅಂಗಾಲನ್ನು ನೀರಿನಲ್ಲಿ ಅದ್ದಿ, ಒಮ್ಮೆ ಒದರಿ, ನೆಲದ ಮೇಲೆ ಪೂರ್ತಿ ಭಾರ ಹಾಕಿ ನಿಂತು ಎತ್ತಿ. ಕೆಂಪು ನೆಲದ ಮೇಲೆ ಕಪ್ಪಗೆ ಅಚ್ಚು ಬೀಳುತ್ತದೆ, ಆರುವ ಮೊದಲೇ ನೋಡಿಕೊಳ್ಳಿ. ಹಿಮ್ಮಡಿಗೂ ಮುಂಗಾಲಿಗೂ ನಡುವೆ ಹೊರಪಕ್ಕದಲ್ಲಿ ಸುಮಾರು ಅರ್ಧ ಅಗಲದ ಪಟ್ಟಿ ಕಂಡರೆ ಕಮಾನು ಸರಿ ಇದೆ. ಇಡೀ ಪಾದ ರೊಟ್ಟಿಯಂತೆ ಮೂಡಿದರೆ ಚಪ್ಪಟೆ ಪಾದ. ನಡುವೆ ಏನೂ ಮೂಡದಿದ್ದರೆ ಎತ್ತರದ ಕಮಾನು, ನೆಲಕ್ಕೆ ತಗಲುವ ಜಾಗವೇ ಕಡಿಮೆ. ಚಪ್ಪಟೆಯಾದವರು ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಿ. ಆಗ ಕಮಾನು ಎದ್ದು ಕಂಡರೆ ಸ್ನಾಯುವಿನ ಕೆಲಸ ಬಾಕಿ ಇದೆ, ಅಭ್ಯಾಸದಿಂದ ನಿಲುವು ಸುಧಾರಿಸುತ್ತದೆ. ಆಗಲೂ ಏಳದಿದ್ದರೆ, ನೋವೂ ಇದ್ದರೆ, ಮೂಳೆ ವೈದ್ಯರಿಗೆ ತೋರಿಸಿ.

ಬಲ ತರುವ ವ್ಯಾಯಾಮ ಒಂದೇ ಸಾಕು. ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೆ ಊರಿ. ಬೆರಳು ಮುದುರದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದುಕೊಳ್ಳಿ. ಪಾದ ಒಂದು ಗೋಧಿ ಕಾಳಿನಷ್ಟು ಗಿಡ್ಡವಾಗಿ ನಡುವಿನ ಕಮಾನು ಏಳಬೇಕು. 5 ಸೆಕೆಂಡು ಹಿಡಿದು ಬಿಡಿ, ಒಂದು ಪಾದಕ್ಕೆ 10 ಸಲ. ಮೊದಲ ದಿನ ಏನೂ ಕದಲುವುದಿಲ್ಲ, ಅಂಗಾಲಿಗೆ ಸೆಡೆತ ಬರುತ್ತದೆ. ವಾರದಲ್ಲಿ ದಾರಿ ಸಿಗುತ್ತದೆ. ಕೂತು ಮಾಡಲು ಬಂದಮೇಲೆ ನಿಂತು ಮಾಡಿ.

ಬೆರಳು ಮುದುರುವವರು ಬೇರೆ ಜಾತಿ. ಕಾಗೆ ಕೊಂಬೆ ಹಿಡಿದಂತೆ ಐದೂ ಬೆರಳಿನಿಂದ ನೆಲ ಕಚ್ಚಿಕೊಂಡಿರುತ್ತಾರೆ, ಉಗುರಿನ ತುದಿ ಬಿಳಿಚಿಕೊಂಡಿರುತ್ತದೆ. ದಿನವಿಡೀ ಗಮ್‌ಬೂಟಿನೊಳಗೆ ಇಳಿಜಾರಿನಲ್ಲಿ ಓಡಾಡಿದ ಪಾದಕ್ಕೆ ಸಂಜೆ ಇದು ಸುಲಭವಾಗಿ ಬರುತ್ತದೆ. ಐದೂ ಬೆರಳನ್ನು ಮೇಲೆತ್ತಿ, ಅಗಲಿಸಿ, ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಹಗುರವಾಗಿ ಇಳಿಸಿ. ಕೊಯ್ಲಿನ ದಿನಗಳಲ್ಲಿ ಸಂಜೆ ಅಳತೆ ತೆಗೆಯಬೇಡಿ. ದಣಿದ ಮೀನಖಂಡ ಹೇಳುವ ಸಾಕ್ಷಿ ನಂಬುವಂಥದ್ದಲ್ಲ.

ಸೊಂಟ

1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಸೊಂಟವನ್ನು ಒಂದು ಪಕ್ಕಕ್ಕೆ ತಳ್ಳಿ ತ್ರಿಭಂಗಿಯಲ್ಲಿ ನಿಂತಿದ್ದಾರೆ. ಕಲ್ಲಿಗೆ ಅದು ಚೆಲುವು. ವೃಕ್ಷಾಸನದಲ್ಲಿ ಅದೇ ಭಂಗಿ ಬಂದರೆ ದೋಷ. ನಿಂತ ಕಾಲಿನ ಪೃಷ್ಠದ ಹೊರಪಕ್ಕದಲ್ಲಿ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು ಇದೆ. ಒಂಟಿ ಕಾಲಲ್ಲಿ ನಿಂತಾಗ ಸೊಂಟವನ್ನು ಮಟ್ಟವಾಗಿ ಹಿಡಿಯುವುದು ಅದರ ಕೆಲಸ. ಅದು ಸೋತಾಗ ಎತ್ತಿದ ಕಾಲಿನ ಕಡೆಯ ಸೊಂಟ ಜಗ್ಗುತ್ತದೆ, ಇಲ್ಲವೇ ನಿಂತ ಕಡೆಯದು ಹೊರಕ್ಕೆ ಜರುಗುತ್ತದೆ, ಭುಜ ಅದನ್ನು ಸರಿದೂಗಿಸಲು ಎದುರು ಕಡೆಗೆ ವಾಲುತ್ತದೆ. ನೋಡುವವರಿಗೆ ಕಾಣುವುದು ವಾಲಿದ ಭುಜ, ತಿದ್ದುವುದೂ ಭುಜವನ್ನೇ.

ಪರೀಕ್ಷೆಗೆ ಗೋಡೆ ಸಾಕು. ನಿಂತ ಕಾಲಿನ ಸೊಂಟಕ್ಕೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ ಬರುವಂತೆ ಒಂಟಿ ಕಾಲಲ್ಲಿ, ಭಾರ ಪಾದದ ಮೇಲೆ ಬಂದ ಸ್ಥಿತಿಯಲ್ಲಿ ನಿಂತು ಅಳೆದುಕೊಳ್ಳಿ. ಆಸನ ಹಿಡಿದ ಹದಿನೈದು ಸೆಕೆಂಡಿನೊಳಗೆ ಸೊಂಟ ಗೋಡೆಗೆ ತಗುಲಿದರೆ ಸೋರಿಕೆ ಅಲ್ಲೇ ಇದೆ. ಇನ್ನೊಂದು, ಎರಡೂ ಕೈಯ ಹೆಬ್ಬೆರಳನ್ನು ಸೊಂಟದ ಮುಂದಿನ ಎರಡು ಮೂಳೆಗಳ ಮೇಲಿಟ್ಟು ಕನ್ನಡಿಯಲ್ಲಿ ನೋಡಿ. ಕಾಲು ಎತ್ತಿದ ಕಡೆಯ ಹೆಬ್ಬೆರಳು ಕೆಳಗಿಳಿದರೆ ಅದೇ ಕಥೆ.

ದುರಸ್ತಿಗೆ ಜಗಲಿಯ ಮೆಟ್ಟಿಲು ಬಳಸಿ. ಮೆಟ್ಟಿಲಿನ ಅಂಚಿಗೆ ಪಕ್ಕವಾಗಿ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲು ಗಾಳಿಯಲ್ಲಿ ಇಳಿಬಿದ್ದಿರಲಿ, ಕಂಬ ಹಿಡಿದುಕೊಳ್ಳಿ. ನಿಂತ ಮಂಡಿ ಮಡಚದೆ ಇಳಿಬಿದ್ದ ಕಾಲನ್ನು ಎರಡು ಮೂರು ಬೆರಳಷ್ಟು ಕೆಳಗಿಳಿಸಿ, ಮತ್ತೆ ಸೊಂಟ ಮಟ್ಟಕ್ಕೆ ತನ್ನಿ. 10 ಸಲ, ಎರಡು ಸುತ್ತು. ಉರಿ ಬರಬೇಕಾದ್ದು ನಿಂತ ಕಾಲಿನ ಪೃಷ್ಠದ ಪಕ್ಕದಲ್ಲಿ. ಸೊಂಟದ ಹಿಂಭಾಗದಲ್ಲಿ ಬಂದರೆ ಮಾಡುತ್ತಿರುವುದು ಬೆನ್ನು, ಇಳಿಸುವ ದೂರ ಕಡಿಮೆ ಮಾಡಿ.

ಎತ್ತಿದ ಕಾಲು

ಪಾದ ಜಾರುತ್ತಿದ್ದರೆ ಮೊದಲು ಬಟ್ಟೆ ನೋಡಿ. ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟಿನ ಮೇಲೆ ಅಂಗಾಲು ನಿಲ್ಲುವುದಿಲ್ಲ, ಹತ್ತಿಯದು ಹಾಕಿ ಅಥವಾ ಮೊಣಕಾಲಿನವರೆಗೆ ಮಡಚಿ ಮೀನಖಂಡದ ಚರ್ಮಕ್ಕೇ ಇಡಿ. ಬಟ್ಟೆ ಸರಿಯಿದ್ದೂ ಜಾರಿದರೆ ಒತ್ತಡ ಒಂದೇ ಕಡೆಯಿಂದ ಬರುತ್ತಿದೆ. ಅಂಗಾಲು ತೊಡೆಯನ್ನು ಒತ್ತಿದಷ್ಟೇ ತೊಡೆ ಅಂಗಾಲನ್ನು ತಿರುಗಿ ಒತ್ತಬೇಕು. ಬರೀ ಪಾದ ಒತ್ತಿದರೆ ಅದು ತೊಡೆಯನ್ನೂ ಸೊಂಟವನ್ನೂ ಹೊರಕ್ಕೆ ತಳ್ಳಿ ಮತ್ತೆ ಮದನಿಕೆ ಆಗುತ್ತೀರಿ.

ಮಂಡಿ ಪಕ್ಕಕ್ಕೆ ಹೋಗದೆ ಮುಂದಕ್ಕೇ ನಿಂತರೆ ಮಲಗಿ ಪರೀಕ್ಷಿಸಿ. ಅಂಗಾತ ಮಲಗಿ, ನಿಂತ ಕಾಲಿನ ಪಾದ ಗೋಡೆಗೆ ಒತ್ತಿ, ಇನ್ನೊಂದು ಕಾಲನ್ನು ವೃಕ್ಷಾಸನದಂತೆ ಮಡಚಿ. ಮಲಗಿದಾಗ ಮಂಡಿ ಸಲೀಸಾಗಿ ಪಕ್ಕಕ್ಕೆ ಇಳಿದು, ನಿಂತಾಗ ಮಾತ್ರ ಬರದಿದ್ದರೆ ಕೀಲು ಸರಿ ಇದೆ, ಹಿಡಿತ ಸಾಲದು. ಮಲಗಿದಾಗಲೂ ಅರ್ಧಕ್ಕೇ ನಿಂತರೆ ತೊಡೆಸಂದಿನ ಬಿಗಿ, ಇಲ್ಲವೇ ನಿಮ್ಮ ಮೂಳೆಯ ರಚನೆಯೇ ಹಾಗೆ. ಬಿಗಿಗೆ ದಿನಕ್ಕೆ ಎರಡು ನಿಮಿಷ ಬದ್ಧಕೋಣಾಸನ, ಅಂದರೆ ಎರಡೂ ಅಂಗಾಲು ಜೋಡಿಸಿ ಮಂಡಿ ಅಗಲಿಸಿ ಕೂರುವುದು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವುದು ತಪ್ಪಿದ ಮನೆಗಳಲ್ಲಿ ಈ ಬಿಗಿ ಚಿಕ್ಕ ಮಕ್ಕಳಿಗೂ ಬರುತ್ತಿದೆ. ರಚನೆಯೇ ಹಾಗಿದ್ದರೆ ಮಂಡಿ ಓರೆಯಾಗಿ ಮುಂದಕ್ಕಿರಲಿ, ಸೊಂಟದ ಎರಡೂ ಮೂಳೆ ಎದುರಿಗೆ ನೋಡುತ್ತಿದ್ದರೆ ಆಸನಕ್ಕೆ ಏನೂ ಕೊರತೆಯಿಲ್ಲ.

ಕಣ್ಣು, ಉಸಿರು, ಕೈ

ಕಣ್ಣಿಗೆ ಅಲುಗದ ಗುರುತು ಬೇಕು, ಎರಡು ಮೀಟರ್ ದೂರದಲ್ಲಿ, ಕಣ್ಣಿನ ಮಟ್ಟದಲ್ಲಿ. ಗೋಡೆ ಕ್ಯಾಲೆಂಡರಿನ ಒಂದು ತಾರೀಕು ಚೆನ್ನಾಗಿ ಒದಗುತ್ತದೆ, ಫ್ಯಾನ್ ಗಾಳಿಗೆ ಅದು ಹಾರುತ್ತಿರಬಾರದು. ತೋಟದಲ್ಲಿ ನಿಂತು ಸಿಲ್ವರ್ ಓಕಿನ ತುದಿ ನೋಡುವುದು ಚಿತ್ರಕ್ಕೆ ಚೆಂದ. ಆದರೆ ಮರ ತೂಗಿದಂತೆ ಕಣ್ಣು ದೇಹಕ್ಕೆ ಸುಳ್ಳು ವರದಿ ಕೊಡುತ್ತದೆ. ಕಣ್ಣು ಮುಚ್ಚಿದ ಕೂಡಲೇ ಬೀಳುವುದು ದೋಷವಲ್ಲ. ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳ ಸುದ್ದಿ, ಈ ಮೂರರಲ್ಲಿ ಒಂದನ್ನು ಕಿತ್ತುಕೊಂಡಿದ್ದೀರಿ ಅಷ್ಟೇ.

ಉಸಿರು ಕಟ್ಟಿದ್ದು ಕಟ್ಟಿದವರಿಗೆ ಗೊತ್ತಾಗುವುದಿಲ್ಲ. ಸೆಕೆಂಡುಗಳನ್ನು ಬಾಯಿಬಿಟ್ಟು ಎಣಿಸಿ. ದನಿ ಬರಬೇಕಾದರೆ ಉಸಿರು ಬಿಡಲೇಬೇಕು. ಎಣಿಕೆ ಎಲ್ಲಿ ನಿಂತಿತೋ ಅಲ್ಲೇ ಉಸಿರು ಕಟ್ಟಿದ್ದು, ಮುಂದಿನ ಮೂರ್ನಾಲ್ಕು ಸೆಕೆಂಡಿನಲ್ಲಿ ಕಾಲು ಇಳಿಯುತ್ತದೆ, ನೋಡುತ್ತಿರಿ.

ಕೈ ಮೇಲೆತ್ತಿದಾಗ ಮಾತ್ರ ಕೆಡುತ್ತಿದ್ದರೆ, ಎದೆಯ ಮುಂದೆ 30 ಸೆಕೆಂಡು ನಿಂತು ತಲೆಯ ಮೇಲೆ ಹತ್ತೂ ಆಗದಿದ್ದರೆ, ದೋಷ ಹೆಗಲಿನದು. ತೋಳು ಪೂರ್ತಿ ಏಳದಿದ್ದಾಗ ಬೆನ್ನು ಹಿಂದಕ್ಕೆ ಬಾಗಿ ಪಕ್ಕೆಲುಬು ಮುಂದೆ ಬರುತ್ತವೆ, ಭಾರ ಹಿಮ್ಮಡಿಗೆ ಹೋಗುತ್ತದೆ. ಅಂಗೈ ಜೋಡಿಸದೆ ತೋಳುಗಳನ್ನು ಭುಜದಗಲಕ್ಕಿಂತ ಹೆಚ್ಚು ಅಗಲಿಸಿ ಎತ್ತಿ. ಕೈಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ಹಠಯೋಗದ ಹಳೆಯ ಗ್ರಂಥವಾದ ಘೇರಂಡ ಸಂಹಿತೆ ವೃಕ್ಷಾಸನಕ್ಕೆ ಹೇಳುವುದು ಬಲಪಾದವನ್ನು ಎಡತೊಡೆಯ ಬುಡಕ್ಕಿಟ್ಟು ನೆಲದ ಮೇಲೆ ಮರದಂತೆ ನಿಲ್ಲಬೇಕು ಎಂದಷ್ಟೇ. ಕೈಯ ಮಾತೇ ಅಲ್ಲಿಲ್ಲ.

ಒಂದು ಕಾಲಿಗೆ ಮಾತ್ರ ಆಗದಿದ್ದರೆ

ಚೀಟಿಯಲ್ಲಿ ಹೀಗಿದೆ ಎಂದುಕೊಳ್ಳಿ. ಎಡಗಾಲು 24, 27, 25 ಸೆಕೆಂಡು. ಬಲಗಾಲು 6, 7, 5, ಮೂರೂ ಸಲ ಹೊರಪಕ್ಕಕ್ಕೆ. ತಿರುಗಿ ನಿಂತು ನೋಡಿದರೂ ಬಲಕ್ಕೇ ಬೀಳುತ್ತದೆ, ಆದ್ದರಿಂದ ನೆಲ ನಿರಪರಾಧಿ. ಪೇಪರ್ ಪಟ್ಟಿ ಎರಡನೇ ಸೆಕೆಂಡಿಗೇ ಜಾರಿ ಬರುತ್ತದೆ. ಗೋಡೆಗೆ ಸೊಂಟ ತಗಲುವುದಿಲ್ಲ, ಹಾಗಾಗಿ ಸೊಂಟವನ್ನು ಬಿಡಬಹುದು. ಈಗ ಕೇಳಬೇಕಾದ ಪ್ರಶ್ನೆ: ಬಲಗಾಲು ಎಂದಾದರೂ ಉಳುಕಿತ್ತೇ? ಮಳೆಗಾಲದ ತೋಟದ ಇಳಿಜಾರು, ಪಾಚಿಗಟ್ಟಿದ ಮೆಟ್ಟಿಲು ಇರುವ ಊರಲ್ಲಿ ಹೌದು ಎನ್ನುವವರು ಬಹಳ. ಉಳುಕು ವಾಸಿಯಾಗಿ ನೋವು ಹೋದಮೇಲೂ, ಹರಡು ಯಾವ ಕೋನದಲ್ಲಿದೆ ಎಂದು ಮೆದುಳಿಗೆ ತಿಳಿಸುವ ವ್ಯವಸ್ಥೆ ಮಂದವಾಗಿಯೇ ಉಳಿಯಬಹುದು. ಪಾದ ಹೊರಕ್ಕೆ ಹೊರಳುತ್ತಿರುವುದು ತಡವಾಗಿ ಗೊತ್ತಾಗುತ್ತದೆ, ತಡೆಯಬೇಕಾದ ಹೊರಮೀನಖಂಡದ ಸ್ನಾಯು ತಡವಾಗಿ ಎಳೆಯುತ್ತದೆ.

ಇದಕ್ಕೆ ಬಲಗಾಲಿಗೆ ಮೊದಲನೇ ಮೆಟ್ಟಿಲಿನಿಂದಲೇ ಮತ್ತೆ ಶುರು, ಎಡಗಾಲು ಎಷ್ಟೇ ಮುಂದಿದ್ದರೂ. ಬೆರಳು ನೆಲದಲ್ಲಿಟ್ಟು 20 ಸೆಕೆಂಡು, ಮೂರು ಸಲ, ಹೆಬ್ಬೆರಳಿನ ಬುಡದ ಅಡಿಗೆ ಪೇಪರ್ ಪಟ್ಟಿ ಇಟ್ಟುಕೊಂಡೇ. ಜೊತೆಗೆ ಗೋಡೆ ಹಿಡಿದು ಒಂಟಿ ಬಲಗಾಲಲ್ಲಿ ತುದಿಗಾಲಿಗೆ ಏಳುವುದು ದಿನಕ್ಕೆ 10 ಸಲ, ಏಳುವಾಗ ಹಿಮ್ಮಡಿ ಹೊರಕ್ಕೂ ಒಳಕ್ಕೂ ವಾಲದೆ ನೆಟ್ಟಗಿರಬೇಕು. ವಾರಕ್ಕೆ ಐದು ದಿನ. ಹರಡು ಊದಿದರೆ ಅಥವಾ ಹೊರಗಂಟಿನ ಮುಂದೆ ಒತ್ತಿದಲ್ಲಿ ನೋವಿದ್ದರೆ ಆಸನ ಬಿಟ್ಟು ಮೊದಲು ತೋರಿಸಿ. ಪಟ್ಟಿ ಮೂರು ದಿನ ಸತತವಾಗಿ 20 ಸೆಕೆಂಡು ಜಾರದೆ ನಿಂತಮೇಲೆ ಪಾದವನ್ನು ಮೀನಖಂಡಕ್ಕೆ ಏರಿಸಿ, ಗೋಡೆಯಿಂದ ಇನ್ನೊಂದು ಗೇಣು ಈಚೆ ಬನ್ನಿ.